ಆಪರೇಷನ್ ಚಿಕ್ಕದು, ಆರೈಕೆ ಚಿಕ್ಕದಲ್ಲ

‘ಅಯ್ಯೋ, ಪೊರೆ ಆಪರೇಷನ್ನಾ? ಈಗೆಲ್ಲ ಹತ್ತು-ಹದಿನೈದು ನಿಮಿಷದ ಕೆಲಸ ಕಣ್ರೀ. ಬೆಳಿಗ್ಗೆ ಹೋದ್ರೆ ಮಧ್ಯಾಹ್ನ ಊಟಕ್ಕೆ ಮನೇಲಿ!’

ನಮ್ಮತ್ತೆಗೆ ಕಣ್ಣಿನ ಆಪರೇಷನ್ ಎಂದಾಗ ಪಕ್ಕದ ಮನೆಯವರಿಂದ ಹಿಡಿದು ನಾದಿನಿಯವರೆಗೆ ಎಲ್ಲರೂ ಹೇಳಿದ್ದು ಇದನ್ನೇ. ಅದು ಸುಳ್ಳೂ ಅಲ್ಲ. ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆಸಿಕೊಂಡಿದ್ದ ನಮ್ಮಜ್ಜಿ ಕೊನೆಯವರೆಗೂ ಸೋಡಾ ಗ್ಲಾಸಿನಂಥ ದಪ್ಪ ಕನ್ನಡಕ ಹಾಕಿಕೊಂಡೇ ಓಡಾಡಿದರು. ಈಗ ಎರಡು-ಮೂರು ಮಿಲಿಮೀಟರ್‌ನಷ್ಟು ಸಣ್ಣ ಗಾಯ ಮಾಡಿ, ಪೊರೆ ಪುಡಿಮಾಡಿ ತೆಗೆದು, ಒಳಗೇ ಲೆನ್ಸ್ ಕೂರಿಸುತ್ತಾರೆ. ಸಾಮಾನ್ಯವಾಗಿ ಹೊಲಿಗೆಯೂ ಇರುವುದಿಲ್ಲ.

ಹಾಗಾಗಿ ನಾವೂ ಹಗುರವಾಗಿಯೇ ತೆಗೆದುಕೊಂಡೆವು. ಯಜಮಾನರು ಒಂದು ದಿನ ರಜೆ ಹಾಕಿದರು, ಮರುದಿನ ಆಫೀಸಿಗೆ ಹೊರಟರು. ಅತ್ತೆಗೆ ನಾಲ್ಕೇ ದಿನಕ್ಕೆ ಕ್ಯಾಲೆಂಡರಿನ ಸಣ್ಣ ಅಕ್ಷರವೂ ಕಾಣತೊಡಗಿತು. ಮನೆಯಲ್ಲಿ ಎಲ್ಲರಿಗೂ ನಿರಾಳ.

ಎಡವಟ್ಟಾಗಿದ್ದು ಅಲ್ಲೇ. ‘ಕಣ್ಣು ಚೆನ್ನಾಗಿ ಕಾಣ್ತಿದೆಯಲ್ಲ, ಇನ್ಯಾಕೆ ಡ್ರಾಪ್ಸು’ ಅಂತ ಹತ್ತನೇ ದಿನಕ್ಕೆ ಅತ್ತೆ ತಾವಾಗಿಯೇ ನಿಲ್ಲಿಸಿಬಿಟ್ಟಿದ್ದರು. ವರಮಹಾಲಕ್ಷ್ಮಿ ಹಬ್ಬದ ಗಡಿಬಿಡಿಯಲ್ಲಿ ನಾನು ಗಮನಿಸಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ನೋಡಿದರೆ ಕಣ್ಣು ಕೆಂಪು, ಬೆಳಕಿಗೆ ಬಿಡಲಾಗುತ್ತಿಲ್ಲ. ಕೇಳಿದರೆ, ‘ಎರಡು ದಿನದಿಂದ ನೋಯ್ತಿತ್ತು. ಹಬ್ಬದ ಮನೇಲಿ ನನ್ನದೊಂದು ರಾಗ ಯಾಕೆ ಅಂತ ಸುಮ್ಮನಿದ್ದೆ ಕಣಮ್ಮ’ ಎಂದರು.

ಆಸ್ಪತ್ರೆಗೆ ಓಡಿದೆವು. ಡ್ರಾಪ್ಸ್ ತಟ್ಟನೆ ನಿಲ್ಲಿಸಿದ್ದರಿಂದ ಒಳಗೆ ಉರಿಯೂತ ಮರುಕಳಿಸಿತ್ತು. ‘ಪುಣ್ಯಕ್ಕೆ ಇದು ಇನ್ಫೆಕ್ಷನ್ ಅಲ್ಲ. ಆಗಿದ್ದರೆ ಎರಡು ದಿನ ಸುಮ್ಮನಿದ್ದದ್ದಕ್ಕೆ ಕಣ್ಣೇ ಹೋಗಬಹುದಿತ್ತು’ ಎಂದರು ಡಾಕ್ಟರ್. ಗಂಟೆಗೊಮ್ಮೆ ಡ್ರಾಪ್ಸ್ ಶುರುವಾಗಿ, ಕಣ್ಣು ಸರಿಹೋಯಿತು. ಆದರೆ ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಡಾಕ್ಟರರ ಹತ್ತು ನಿಮಿಷದ ಕೆಲಸ ಮುಗಿದ ಮೇಲೆ ಮನೆಯವರ ಕೆಲಸ ಶುರುವಾಗುತ್ತದೆ. ಅದು ನಾಲ್ಕರಿಂದ ಆರು ವಾರದ್ದು. ಡ್ರಾಪ್ಸನ್ನು ದಿನಕ್ಕೆ ಇಷ್ಟು ಸಲದಿಂದ ಇಷ್ಟಕ್ಕೆ ಅಂತ ನಿಧಾನವಾಗಿ ಇಳಿಸಬೇಕು. ನಮ್ಮ ಲೆಕ್ಕದಲ್ಲಲ್ಲ, ಡಾಕ್ಟರರು ಬರೆದುಕೊಟ್ಟಂತೆ. ಕೈ ತೊಳೆದು, ಬಾಟಲಿಯ ತುದಿ ಕಣ್ಣಿಗೆ ತಾಗದಂತೆ ಹಾಕಬೇಕು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಕಣ್ಣು ಉಜ್ಜಬಾರದು, ಡಾಕ್ಟರ್ ಹೇಳುವವರೆಗೆ ತಲೆಸ್ನಾನ ಬೇಡ, ನೀರಿನ ಬಿಂದಿಗೆ ಎತ್ತುವುದು ಬೇಡ. ಒಗ್ಗರಣೆಯ ಹೊಗೆಯಿಂದಲೂ ಅವರನ್ನು ದೂರವಿಡಿ. ಮಲಗುವಾಗ ಕಣ್ಣಿನ ಕವಚ ಮರೆಯಬೇಡಿ. ಸಕ್ಕರೆ ಕಾಯಿಲೆ ಇದ್ದವರ ಶುಗರ್ ಹತೋಟಿಯಲ್ಲಿರಲೇಬೇಕು.

ಮೊದಲ ಕೆಲವು ದಿನ ಮರಳು ಬಿದ್ದಂತೆ ಚುಚ್ಚುವುದು, ನೀರು ಬರುವುದು, ಸ್ವಲ್ಪ ಮಬ್ಬಾಗಿ ಕಾಣುವುದು ಸಹಜ. ದಿನದಿಂದ ದಿನಕ್ಕೆ ಅದು ಕಡಿಮೆಯಾಗಬೇಕು. ಹಾಗಾಗದೆ ನೋವು, ಕೆಂಪು ಹೆಚ್ಚಾದರೆ, ಕೀವಿನಂತೆ ಒಸರಿದರೆ, ಚೆನ್ನಾಗಿ ಕಾಣುತ್ತಿದ್ದ ದೃಷ್ಟಿ ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಿ. ಇನ್ಫೆಕ್ಷನ್ ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ. ಕಣ್ಣೊಳಗೆ ಮಿಂಚಿದಂತಾಗುವುದು, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚುವುದು, ಒಂದು ಬದಿಗೆ ಪರದೆ ಇಳಿಬಿಟ್ಟಂತೆ ಕಾಣುವುದು ರೆಟಿನಾ ಕಳಚಿಕೊಳ್ಳುತ್ತಿರುವ ಸೂಚನೆ ಇರಬಹುದು. ಅದಕ್ಕೂ ತಡ ಮಾಡುವಂತಿಲ್ಲ.

ತಿಂಗಳುಗಳು, ವರ್ಷಗಳು ಕಳೆದ ಮೇಲೆ ಮತ್ತೆ ಮಂಜಾದರೆ ‘ಪೊರೆ ಮತ್ತೆ ಬಂತು’ ಎಂದು ಗಾಬರಿಯಾಗಬೇಡಿ. ಸಾಮಾನ್ಯವಾಗಿ ಲೆನ್ಸಿನ ಹಿಂದಿನ ತೆಳು ಪದರ ಮಬ್ಬಾಗಿರುತ್ತದೆ. ಕೆಲವೇ ನಿಮಿಷದ ಲೇಸರ್‌ನಿಂದ ಸರಿಹೋಗುತ್ತದೆ.

ಇದೆಲ್ಲ ಆಸ್ಪತ್ರೆಯವರು ಕೊಡುವ ಚೀಟಿಯಲ್ಲೂ ಇರುತ್ತದೆ ಎನ್ನುತ್ತೀರಾ? ಇರುತ್ತದೆ. ಆದರೆ ನಮ್ಮ ಮನೆಯ ಹಿರಿಯ ಹೆಂಗಸರು ನೋವನ್ನು ನುಂಗಿಕೊಳ್ಳುತ್ತಾರೆ ಎಂದು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಸೊಸೆಗೆ ಕೆಲಸ, ಮಗನಿಗೆ ಆಫೀಸು, ಮೊಮ್ಮಗನಿಗೆ ಪರೀಕ್ಷೆ ಅಂತ ಅವರು ಕಾಯುತ್ತಾರೆ. ಕಣ್ಣು ಕಾಯುವುದಿಲ್ಲವಲ್ಲ! ಅವರು ಹೇಳಲಿ ಎಂದು ಕೂರದೆ ನಾವೇ ದಿನಾ ಬೆಳಿಗ್ಗೆ ಕೇಳಬೇಕು: ‘ನಿನ್ನೆಗಿಂತ ಇವತ್ತು ಹೇಗಿದೆ?’

ಇನ್ನೊಂದು ಮಾತು. ಈ ಜವಾಬ್ದಾರಿ ಸೊಸೆಯ ಒಬ್ಬಳ ತಲೆಗೇ ಯಾಕೆ? ಎರಡನೇ ಕಣ್ಣಿನ ಆಪರೇಷನ್ ಆದಾಗ ನಾನು ಫ್ರಿಜ್ ಮೇಲೆ ಒಂದು ಪಟ್ಟಿ ಅಂಟಿಸಿದೆ. ಬೆಳಗಿನ ಡ್ರಾಪ್ಸ್ ಮಗನದು, ಮಧ್ಯಾಹ್ನದ್ದು ನನ್ನದು, ರಾತ್ರಿಯದು ಮೊಮ್ಮಗಳದು. ಹಾಕಿದವರು ಟಿಕ್ ಮಾಡಬೇಕು. ಆರು ವಾರದಲ್ಲಿ ಒಂದು ದಿನವೂ ತಪ್ಪಲಿಲ್ಲ. ಅಜ್ಜಿಗಂತೂ ಮೊಮ್ಮಗಳ ಸರದಿ ಯಾವಾಗ ಬರುತ್ತೋ ಅನ್ನುವ ಕಾತರ!

ನಾಳೆ ನಮ್ಮ ಸರದಿಯೂ ಬರುತ್ತದೆ. ಆಗ ‘ಹಬ್ಬ ಮುಗಿಯಲಿ’ ಎಂದು ಸುಮ್ಮನಿರುವುದು ಬೇಡ, ಅಲ್ಲವೇ?