ಗಿಡದ ನೆರಳಿನ ಮನೆ

ಮಕ್ಕಳೇ, ಹೋದ ರವಿವಾರ ನಿಮ್ಮ ಈ ಅಜ್ಜ ರಟ್ಟೀಹಳ್ಳಿಯಿಂದ ಬಸ್ ಹತ್ತಿ ಧಾರವಾಡಕ್ಕೆ ಹೋಗಿದ್ದ. ಪೇಢೆಗಾಗಿ ಅಲ್ಲ, ಪೇಢೆ ತಂದದ್ದು ಬೇರೆ ಮಾತು! ಮಗ ಅಲ್ಲಿ ಮನೆ ಕೊಳ್ಳಬೇಕೆಂದಿದ್ದಾನೆ. ಅದಕ್ಕಾಗಿ ಕುಮುದ್ವತಿ ಹೊಳೆಯ ಕಡೆಗಿನ ನಮ್ಮ ಒಂದು ಎಕರೆ ಹೊಲ ಮಾರಬೇಕಾದೀತು. ಅಪ್ಪನ ಕಾಲದ ಹೊಲ. ಹಾಗಾಗಿ ಕಣ್ಣಾರೆ ನೋಡದೆ ಹೂಂ ಅನ್ನಲು ನನಗೆ ಮನಸ್ಸಿರಲಿಲ್ಲ.

ಮೊದಲು ನೋಡಿದ್ದು ಊರ ಹೊರಗಿನ ಒಂದು ಗುಂಟಾ ಪ್ಲಾಟು. ಬಣ್ಣದ ಚಿತ್ರದಲ್ಲಿ ಸಾಲು ಮರಗಳಿದ್ದವು, ನೆಲದ ಮೇಲೆ ಕಲ್ಲು ಮಾತ್ರ. ಒಂದು ಗುಂಟೆ ಎಂದರೆ 1089 ಚದರ ಅಡಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಗುರುತಿಸಿದರೆ ಸರಿಯಾಗಿ ಒಂದು ಗುಂಟೆ. ಅಂಥ ನಲವತ್ತು ಸೇರಿದರೆ ಒಂದು ಎಕರೆ. ನಿಮ್ಮ ಶಾಲೆಯ ಬಯಲಲ್ಲಿ ಹಗ್ಗ ಹಿಡಿದು ಅಳೆದು ನೋಡಿ.

"ಬಿನ್‌ಶೇತ್ಕಿ ಆಗೇತೇನ್ರಿ?" ಎಂದು ಕೇಳಿದೆ. ಹೊಲವನ್ನು ಮನೆ ಕಟ್ಟುವ ಜಾಗವೆಂದು ಸರಕಾರ ಒಪ್ಪಿತೇ ಎಂಬುದೇ ಆ ಪ್ರಶ್ನೆ. "ಆಗತೈತಿ ಬಿಡ್ರಿ ಅಜ್ಜಾರ" ಅಂದರು. ಆಗತೈತಿ ಬೇರೆ, ಆಗೇತಿ ಬೇರೆ. ನಾವು ಎದ್ದು ಬಂದೆವು.

ಎರಡನೆಯದು ಸಾಧನಕೇರಿ ಕಡೆಯ ಹಳೇ ಹಂಚಿನ ಮನೆ. ಅಂಗಳದಲ್ಲಿ ದೊಡ್ಡದೊಂದು ಮಾವಿನ ಗಿಡ. (ಬೆಂಗಳೂರಿನವರು ಮರ ಅಂತಾರೆ. ನಮಗೆ ಆಕಾಶ ಮುಟ್ಟಿದರೂ ಅದು ಗಿಡವೇ.) ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮೈ ತಣ್ಣಗಾಯಿತು. ಬೆಂಗಳೂರಿನಲ್ಲಿ 1898ರ ಪ್ಲೇಗಿನ ನಂತರ ಜನ ಇಕ್ಕಟ್ಟಾದ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳಿಗೆ ಹೋದದ್ದೂ ಗಾಳಿ, ಬೆಳಕಿಗಾಗಿಯೇ. ಇಂಗ್ಲೆಂಡಿನವರು ಲೆಚ್‌ವರ್ತ್ ಎಂಬ ತೋಟದ ಊರು ಕಟ್ಟಲು ಹೊರಟದ್ದು 1903ರಲ್ಲಿ.

ಮಾರುವವರು ಹೇಳಿದರು: "ಗಿಡ ಕಡಿಸಿಬಿಟ್ರ ಕಾರ್ ನಿಲ್ಲಸಾಕ ಜಾಗ ಆಗತೈತ್ರಿ."

ನನ್ನ ಮೊಮ್ಮಗಳು ಗಿಡದ ಬೊಡ್ಡೆ ತಬ್ಬಿಕೊಂಡು ನಿಂತಳು. "ಅಜ್ಜಾ, ಕಡಿಯೂದಾದ್ರ ನಾ ಈ ಮನಿಗೆ ಬರಂಗಿಲ್ಲ!"

ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಪಟ್ಟಣದಲ್ಲಿ ನಮ್ಮದೇ ಅಂಗಳದ ಗಿಡವಾದರೂ ಸುಮ್ಮನೆ ಕೊಡಲಿ ಎತ್ತುವಂತಿಲ್ಲ, ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಅದನ್ನು ಹೇಳಿದ ಮೇಲೆ ಅವಳು ಕೈ ಬಿಟ್ಟಳು. ಮಗನಿಗೂ ಹೇಳಿದೆ: "ಕಾರು ಗಿಡದ ಬುಡಕ್ಕ ನಿಂತ್ರ ಅದಕ್ಕೂ ನೆಳ್ಳ ಆತು."

ಮನೆ ನನಗೂ ಹಿಡಿಸಿತು. ಆದರೆ ಹಿಡಿಸಿದಾಗಲೇ ಕಾಗದ ನೋಡಬೇಕು. ಮಗ ಋಣಭಾರ ಪತ್ರ ತೆಗೆಸಿದ್ದ, ಅದನ್ನೇ ಇ.ಸಿ. ಅನ್ನುವುದು. ಆ ಆಸ್ತಿಯ ಮೇಲೆ ನೋಂದಣಿಯಾದ ಖರೀದಿ, ಅಡವುಗಳೆಲ್ಲ ಅದರಲ್ಲಿ ಬರುತ್ತವೆ. ನೋಂದಣಿಯಾಗದ ಕೈಸಾಲ, ಬಾಯಿಮಾತಿನ ಕರಾರು ಬರುವುದಿಲ್ಲ, ಇದನ್ನು ಹಿರಿಯರು ನೆನಪಿಡಬೇಕು. ಇದರಲ್ಲಿ ಒಂದು ಹಳೇ ಅಡವು ಕಂಡಿತು. "ಅದು ತೀರೇತ್ರಿ" ಅಂದರು. ತೀರಿದ್ದರೆ ಬ್ಯಾಂಕಿನ ಕಾಗದವಿರುತ್ತದೆ, ಮೂಲ ಖರೀದಿ ಪತ್ರವೂ ಅವರ ಕೈಗೆ ವಾಪಸು ಬಂದಿರುತ್ತದೆ. ಎರಡನ್ನೂ ತೋರಿಸಿ ಎಂದೆವು. ಮಗ ಮುಂಗಡದ ಚೆಕ್ಕು ಬರೆದು ತಂದಿದ್ದ. ಅದನ್ನು ಮತ್ತೆ ಕಿಸೆಗೆ ಹಾಕಿಸಿದೆ.

ಬರುವ ರವಿವಾರ ಕಾಗದ ತೋರಿಸುತ್ತಾರಂತೆ. ಅಲ್ಲಿಯವರೆಗೆ ಹೊಲದ ಮಾತು ಯಾರ ಹತ್ತಿರವೂ ಆಡಿಲ್ಲ. ಮೊಮ್ಮಗಳು ಮಾತ್ರ ಜೋಕಾಲಿಗೆಂದು ಈಗಲೇ ಹಗ್ಗ ಕೇಳಿದ್ದಾಳೆ.