ಅಳಿಲಿನ ಮರಿಯನ್ನು ಮನೆಗೆ ಒಯ್ಯಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದೂರುಗಳಲ್ಲಿ ಅಡಿಕೆಯ ಕೊನೆಕೊಯ್ಲಿನಿಂದ ಹಿಡಿದು ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಸರಿಪಡಿಸುವವರೆಗೂ ಮನುಷ್ಯರ ಕೈ ಅಳಿಲಿನ ಗೂಡಿಗೆ ತಾಗುತ್ತಲೇ ಇರುತ್ತದೆ. ತೆಂಗಿನ ತಲೆ ಸವರುವಾಗ, ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ, ಅಟ್ಟದ ಕಸ ತೆಗೆಯುವಾಗ ನಾರಿನ ಗೂಡು ಉರುಳಿ, ಕಣ್ಣುಬಿಡದ ಮರಿ ನೆಲಕ್ಕೆ ಬೀಳುತ್ತದೆ. ಕನಿಕರಪಟ್ಟವರು ಎತ್ತಿಕೊಂಡು ಮನೆಗೆ ಬಂದು, ಹಸುವಿನ ಹಾಲು ಕಾಯಿಸಿ ಹನಿಹನಿಯಾಗಿ ಬಾಯಿಗೆ ಬಿಡುತ್ತಾರೆ. ಆ ಕನಿಕರ ನಿಜವಾದದ್ದೇ. ಆದರೂ ಈ ಉಪಚಾರವೇ ಮರಿಯ ಜೀವಕ್ಕೆ ಕುತ್ತಾಗಬಹುದು. ಬಿದ್ದ ಮರಿಯನ್ನು ಮತ್ತೆ ತಾಯಿಗೆ ಮುಟ್ಟಿಸುವುದೇ ಅದಕ್ಕೆ ಸಲ್ಲಬೇಕಾದ ಮೊದಲ ಆರೈಕೆ. ಅದು ಆಗದಿದ್ದಾಗ ಬೇಕಾಗುವ ಎರಡನೆಯ ಆರೈಕೆಯನ್ನು ಒದಗಿಸುವ ಹೊಣೆ ಅರಣ್ಯ ಇಲಾಖೆಯದು.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಗೂಡಿಗೆ ಅಪಾಯ ಬಂತೆಂದರೆ ತಾಯಿ ಅಳಿಲು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆಡೆ ಸಾಗಿಸುತ್ತದೆ. ಕೆಂದಳಿಲಂತೂ ತನ್ನ ಓಡಾಟದ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಗೂಡು ಕಟ್ಟಿಕೊಂಡಿರುತ್ತದೆ. ಒಂದು ಹಾಳಾದರೆ ಇನ್ನೊಂದು ಇದ್ದೇ ಇದೆ. ಹಾಗಾಗಿ ಗಾಯವಿಲ್ಲದ ಮರಿ ಸಿಕ್ಕರೆ ಬುಟ್ಟಿಯಲ್ಲಿ ಹಳೆ ಬಟ್ಟೆ ಹಾಸಿ ಮಲಗಿಸಿ, ಅದು ಬಿದ್ದ ಮರಕ್ಕೇ ಬೆಕ್ಕು ನಾಯಿಗೆ ಎಟುಕದ ಎತ್ತರದಲ್ಲಿ ಕಟ್ಟಬೇಕು. ತಾಯಿ ಒಳಗಿಳಿಯಲು ಬುಟ್ಟಿಯ ಬಾಯಿ ತೆರೆದಿರಲಿ. ಜನ ದೂರ ಸರಿದ ಮೇಲಷ್ಟೇ ಅದು ಬರುತ್ತದೆ. ಸಾಮಾನ್ಯ ಅಳಿಲು, ಕೆಂದಳಿಲುಗಳು ಹಗಲು ಸಂಚಾರಿಗಳಾದ್ದರಿಂದ ಕತ್ತಲಾಗುವವರೆಗೆ ಕಾಯುವುದು ಸರಿ. ಹಾರುವ ಅಳಿಲಿನ ತಾಯಿಯಾದರೆ ಹೊರಡುವುದೇ ಮುಸ್ಸಂಜೆಯ ನಂತರ. ಕಾಗೆ ಕೊಂಡೊಯ್ದರೆ ಎಂದು ಕೇಳುವವರಿದ್ದಾರೆ. ಆ ಭಯ ಸುಳ್ಳಲ್ಲ, ಅದಕ್ಕೇ ದೂರದಲ್ಲಿ ನಿಂತು ಒಬ್ಬರು ಕಣ್ಣಿಡಬೇಕು. ಕೆಲವು ಗಂಟೆಗಳ ಈ ಕಾವಲು, ತಾಯಿ ಸುಮಾರು 10 ವಾರ ಹಾಲೂಡಿಸಿ ಬೆಳೆಸಬೇಕಾದ ಮರಿಯನ್ನು ನಾವೇ ಬೆಳೆಸುತ್ತೇವೆಂದು ಹೊರಡುವುದಕ್ಕಿಂತ ಎಷ್ಟೋ ಸುಲಭ.

ತಾಯಿ ಸತ್ತಿದ್ದರೆ, ಮರಿಗೆ ಗಾಯವಾಗಿದ್ದರೆ ಮಾತು ಬೇರೆ. ಆಗಲೂ ಹೊಟ್ಟೆಗಿಂತ ಮೊದಲು ಮೈ ನೋಡಬೇಕು. ತಣ್ಣಗಾದ ಮರಿಗೆ ಕುಡಿಸಿದ್ದು ಜೀರ್ಣವಾಗುವುದಿಲ್ಲ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾಗಿಸಬೇಕು. ಅಳಿಲಿನ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಹೆಚ್ಚು. ಹಸುವಿನ ಹಾಲು ಕುಡಿದ ಮರಿ ಭೇದಿಯಿಂದ ಸೊರಗುತ್ತದೆ. ಅಂಗಾತ ಹಿಡಿದು ಬಾಯಿಗೆ ಹುಯ್ದರೆ ದ್ರವ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ. ಬೆಕ್ಕು ಕಚ್ಚಿದ ಮರಿಯ ಗಾಯ ಸೂಜಿಮೊನೆಯಷ್ಟೇ ಕಂಡರೂ ನಂಜು ಒಳಗೆ ಹರಡುವುದರಿಂದ ಅದೇ ದಿನ ಪಶುವೈದ್ಯರಿಗೆ ತೋರಿಸಲೇಬೇಕು. ಉಳಿದಂತೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಕತ್ತಲು, ನಿಶ್ಶಬ್ದ ಸಾಕು. ಮಕ್ಕಳ ಕೈಯಿಂದ ಕೈಗೆ ದಾಟಿಸುವುದು, ಮೊಬೈಲಿನಲ್ಲಿ ಫೋಟೊ ತೆಗೆಯುವುದು ಖಂಡಿತ ಬೇಡ.

ಈ ಮೂರು ತಾಲ್ಲೂಕುಗಳಲ್ಲಿ ಬರಿಗೈ ಕನಿಕರಕ್ಕೆ ಇನ್ನೊಂದು ಅಪಾಯವಿದೆ. ಸಿದ್ದಾಪುರದ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಲ್ಲಿ ಹಳೆಯ ಕಥೆಯಾಗಿಲ್ಲ. 2024ರಲ್ಲೂ ಸಿದ್ದಾಪುರ ತಾಲ್ಲೂಕಿನಲ್ಲಿ ಜೀವಗಳು ಹೋಗಿವೆ. ಅದನ್ನು ಹರಡುವ ಉಣುಗುಗಳು ಎಳೆಯ ಹಂತದಲ್ಲಿ ಇಲಿ, ಮೂಗಿಲಿ, ಅಳಿಲುಗಳಂಥ ಸಣ್ಣ ಪ್ರಾಣಿಗಳ ರಕ್ತ ಹೀರಿ ಬೆಳೆಯುತ್ತವೆ. ಕಾಯಿಲೆ ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ, ಜನ ದರಕು ಗುಡಿಸಲು ಬೆಟ್ಟ ಹತ್ತುವ ಕಾಲದಲ್ಲೇ. ಕಾಡಿಗೆ ಹೋಗುವಾಗ ಉಣುಗು ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳುವವರು ಕಾಡಿನ ಮರಿಯನ್ನು ಮಡಿಲಿಗೆ ಹಾಕಿಕೊಂಡು ಬಂದರೆ ಆ ಎಚ್ಚರಕ್ಕೆ ಅರ್ಥವೇನು? ದಪ್ಪ ಬಟ್ಟೆ ಅಥವಾ ಕೈಗವಸು ಇಲ್ಲದೆ ಮುಟ್ಟಬಾರದು. ಕಚ್ಚಿದರೆ ಸೋಪು ಹಾಕಿ ಚೆನ್ನಾಗಿ ತೊಳೆದು ವೈದ್ಯರ ಬಳಿ ಹೋಗಬೇಕು.

ಬೆಳೆಗಾರರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕೋಕೋ ಕಾಯಿ ಕೊರೆಯುವ, ಎಳನೀರು ತೂತು ಮಾಡುವ ಪ್ರಾಣಿಯನ್ನು ಉಳಿಸಿ ಏನು ಸಾಧಿಸುತ್ತೀರಿ ಎಂದು ಅವರು ಕೇಳುವುದರಲ್ಲಿ ನಷ್ಟ ಉಂಡವರ ನೋವಿದೆ. ಆದರೆ ತೋಟದ ನಷ್ಟ ಬಿದ್ದ ಒಂದು ಮರಿಯಿಂದ ಹೆಚ್ಚುವುದೂ ಇಲ್ಲ, ಅದು ಸತ್ತರೆ ತಗ್ಗುವುದೂ ಇಲ್ಲ. ಮನೆಯಲ್ಲಿ ಪಳಗಿ, ಮನುಷ್ಯರ ಅಂಜಿಕೆ ಬಿಟ್ಟ ಅಳಿಲು ತೋಟಕ್ಕೂ ಒಳ್ಳೆಯದಲ್ಲ, ತನಗೂ ಒಳ್ಳೆಯದಲ್ಲ. ಸಾಕಿದ್ದು ಚೆನ್ನಾಗಿಯೇ ಬದುಕಿದೆ, ಹೆಗಲ ಮೇಲೆ ಕೂರುತ್ತದೆ ಎನ್ನುವವರಿಗೂ ಇದೇ ಉತ್ತರ. ನಾಯಿ ಬೆಕ್ಕಿಗೂ ಹೆದರದ ಆ ಪ್ರಾಣಿ ಹೊರಗೆ ಎಷ್ಟು ದಿನ ಉಳಿದೀತು? ಯಲ್ಲಾಪುರದ ಬಳಿಯ ಮಾಗೋಡು ಮತ್ತು ಮಹಾರಾಷ್ಟ್ರದ ಭೀಮಾಶಂಕರದ ಕಾಡುಗಳಲ್ಲಿ ಕೆಂದಳಿಲಿನ ಆಹಾರವನ್ನು ಅಧ್ಯಯನ ಮಾಡಿದ ವಿಜ್ಞಾನಿ ರೆನೀ ಬೋರ್ಜಸ್, ಹಣ್ಣಿನ ಕೊರತೆಯ ಕಾಲದಲ್ಲಿ ಅದು ಹೇಗೆ ಬದುಕುತ್ತದೆ ಎಂಬುದನ್ನು 1993ರ ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ಹಣ್ಣು, ಬೀಜ, ಎಲೆ, ತೊಗಟೆ ಎಂದು ಋತುವಿಗೊಂದು ಆಹಾರ ಹುಡುಕಬೇಕಾದ ಪ್ರಾಣಿಗೆ ಅಡುಗೆಮನೆಯ ಬಾಳೆಹಣ್ಣು ಏನನ್ನೂ ಕಲಿಸಲಾರದು.

ಕಾಡುಪ್ರಾಣಿ ಕೈಸೇರಿದರೆ 48 ಗಂಟೆಯೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಜನ ತಿಳಿಸಲು ಹಿಂಜರಿಯುತ್ತಾರೆ. ಎತ್ತಿಕೊಂಡ ತಮ್ಮ ಮೇಲೇ ಪ್ರಕರಣವಾದೀತು ಎಂಬ ಅಳುಕು ಒಂದು, ಅಂಗೈಯಗಲದ ಮರಿಗಾಗಿ ಯಾರು ಬರುತ್ತಾರೆ ಎಂಬ ನಿರಾಸೆ ಇನ್ನೊಂದು. ಇವೆರಡನ್ನೂ ಇಲಾಖೆಯೇ ನೀಗಬೇಕು. ಕೆನರಾ ಅರಣ್ಯ ವೃತ್ತದ ಮುಖ್ಯ ಕಚೇರಿ ಶಿರಸಿಯಲ್ಲಿದೆ, ಅರಣ್ಯ ಮಹಾವಿದ್ಯಾಲಯವೂ ಅಲ್ಲೇ ಇದೆ, ತಾಲ್ಲೂಕಿಗೊಂದು ಪಶು ಆಸ್ಪತ್ರೆ ಇದೆ. ಈ ಮೂರನ್ನೂ ಜೋಡಿಸಿ, ವಲಯಕ್ಕೆ ಇಬ್ಬರಂತೆ ಸಿಬ್ಬಂದಿಗೆ ಸಣ್ಣ ಪ್ರಾಣಿಗಳ ಆರೈಕೆಯ ತರಬೇತಿ ಕೊಡುವುದು ದೊಡ್ಡ ಖರ್ಚಿನ ಮಾತಲ್ಲ. ಮರಿ ತಂದೊಪ್ಪಿಸಿದವರಿಗೆ ಕಿರುಕುಳ ಆಗದೆಂದು ಪಂಚಾಯಿತಿಗಳ ಮೂಲಕ ಸ್ಪಷ್ಟವಾಗಿ ಸಾರಬೇಕು. ಇಲಾಖೆಯ ಸಹಾಯವಾಣಿ 1926ಕ್ಕೆ ಬಂದ ಇಂಥ ಕರೆಗೂ ಆ ದಿನವೇ ಸ್ಪಂದನೆ ಸಿಗಬೇಕು. ಹಂಚು ತೆಗೆಯುವ, ಸೊಪ್ಪು ಕಡಿಯುವ ಕೆಲಸಗಾರರಿಗೆ ಕೆಲಸದ ಮೊದಲು ಗೂಡು ನೋಡಿ, ಮರಿಯಿದ್ದರೆ ಆ ಕೊಂಬೆಯನ್ನೋ ಮೂಲೆಯನ್ನೋ ಕೆಲವು ವಾರ ಬಿಡಿ ಎಂದು ಹೇಳುವುದು ಮಾತ್ರ ತೋಟದ ಯಜಮಾನರ ಕೆಲಸ, ಅದಕ್ಕೆ ಯಾವ ಇಲಾಖೆಯನ್ನೂ ಕಾಯಬೇಕಿಲ್ಲ.