ನಕಲಿ ಅಂದೀರಿ, ಜೋಕೆ!

ಆರ್ಕೆಸ್ಟ್ರಾದ ಜೂನಿಯರ್‌ಗಳನ್ನು ‘ನಕಲಿ’ ಅಂತ ಗೇಲಿ ಮಾಡೋರನ್ನ ಕಂಡ್ರೆ ನನಗೆ ಸಿಟ್ಟು ಸ್ವಾಮಿ. 1990ರಲ್ಲಿ ಹೋದ ಶಂಕರ್‌ನಾಗ್, 2006ರಲ್ಲಿ ಹೋದ ಅಣ್ಣಾವ್ರು, 2021ರಲ್ಲಿ ಹೋದ ಅಪ್ಪು ಈಗಲೂ ಗಣೇಶನ ಪೆಂಡಾಲಿಗೆ ಬರೋದು ಇವರಿಂದಲೇ ಅಲ್ವೇ?

ನನ್ನ ಹತ್ತಿರ ಎರಡು ಫೋಟೋ ಇವೆ. ಮೊದಲನೆಯದು 2009ರ ಗಣೇಶೋತ್ಸವದ್ದು. ನಮ್ಮ ಬೀದಿಗೆ ಬಂದಿದ್ದ ಜೂನಿಯರ್ ವಿಷ್ಣು ತಮ್ಮ ಕಡಗ ಬಿಚ್ಚಿ ನನಗೆ ತೊಡಿಸಿದ್ದಾರೆ. ಹನ್ನೆರಡರ ಪೋರ ನಾನು, ‘ನಾಗರಹಾವು’ ರಾಮಾಚಾರಿ ಥರ ಹುಬ್ಬು ಗಂಟಿಕ್ಕಿ ನಿಂತಿದ್ದೀನಿ. ಕಡಗ ಮೊಣಕೈಗೆ ಜಾರಿದೆ! ಅವರಿಗೇ ನಗು ತಡೆದಿಲ್ಲ.

ಇನ್ನೊಂದು ಮರುವರ್ಷದ್ದು. ಅದೇ ಪೆಂಡಾಲು, ಅದೇ ವಿಗ್ಗು. ಆದರೆ ನಡುವೆ ಡಿಸೆಂಬರ್ 30 ಬಂದು ಸಾಹಸಸಿಂಹನನ್ನು ಕರೆದೊಯ್ದಿತ್ತು. ‘ಆಪ್ತರಕ್ಷಕ’ ತೆರೆ ಕಂಡದ್ದೂ ಅವರಿಲ್ಲದ 2010ರಲ್ಲೇ. ಈ ಫೋಟೋದಲ್ಲಿ ಯಾರೂ ಪೋಸು ಕೊಟ್ಟಿಲ್ಲ. ಹೂ ಮಾರೋ ಅಜ್ಜಿಯೊಬ್ಬರು ಆತನ ಕೆನ್ನೆ ಸವರುತ್ತಾ ಅಳುತ್ತಿದ್ದಾರೆ. ಆತ ಕೂಲಿಂಗ್ ಗ್ಲಾಸ್ ತೆಗೆಯದೆ ಕಲ್ಲಾಗಿ ನಿಂತಿದ್ದಾರೆ.

ಈಚೆಗೆ ಸಿಕ್ಕಾಗ ಅದನ್ನೇ ಕೇಳಿದೆ.

“ನಾನು ಅವರಲ್ಲಮ್ಮ ಅನ್ನೋಕೆ ಬಾಯಿ ಬರಲಿಲ್ಲ ಕಣಯ್ಯ. ಆವತ್ತು ಪೇಮೆಂಟ್ ಇಸ್ಕೊಳ್ಳೋಕೂ ಕೈ ಬರಲಿಲ್ಲ. ಮನೇಲಿ ಅಕ್ಕಿ ಇರಲಿಲ್ಲ, ಇಸ್ಕೊಂಡೆ” ಅಂದ್ರು.